ಡ್ರಾಯಿಂಗ್ ಪಿರಿಯಡ್ಡೂ ನನ್ನ ತಂಗಿಯ ಕಟ್ಟಡವೂ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಕಾರ್ಯಕ್ರಮದ ಸಂಘಟಕರು ನನಗೆ ಫೋನ್ ಮಾಡಿ, "ನೀನು ಬಿಇ ಮಾಡಿದವನು, ಬೆಂಗಳೂರಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೀಯ, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳು" ಅಂದರು. ನಾನು ಒಪ್ಪಿಕೊಂಡೆ. ಆದರೆ ಮಾತಿಗೆ ಸಿದ್ಧತೆ ಮಾಡಿಕೊಳ್ಳಲು ಕೂತಾಗ, ಈ ಶಾಲೆಯಲ್ಲಿ ನಿಂತು ನಾನು ಹೇಳಲೇಬೇಕಾದ ವಿಷಯ ಬೇರೆಯೇ ಇದೆ ಅನ್ನಿಸಿತು. ಆದ್ದರಿಂದ ಇವತ್ತು ಡ್ರಾಯಿಂಗ್ ಬಗ್ಗೆ ಮಾತಾಡುತ್ತೇನೆ. ಕಟ್ಟಡ ವಿನ್ಯಾಸ ಓದುವ ಒಬ್ಬ ವಿದ್ಯಾರ್ಥಿನಿಗೆ ಚಿತ್ರ ಬರೆಯುವ ಅಭ್ಯಾಸ ಏನು ಮಾಡಿತು ಅನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆ ವಿದ್ಯಾರ್ಥಿನಿ ನನ್ನ ತಂಗಿ. ನನಗಿಂತ ನಾಲ್ಕು ವರ್ಷ ಚಿಕ್ಕವಳು, ಇದೇ ಶಾಲೆಯಲ್ಲಿ ಓದಿದವಳು. ಅವಳ ಒಪ್ಪಿಗೆ ಪಡೆದೇ ಮಾತಾಡುತ್ತಿದ್ದೇನೆ. "ಹೆಸರು ಮಾತ್ರ ಹೇಳಬೇಡ" ಅಂದಿದ್ದಾಳೆ. ಊರಿನವರಿಗೆಲ್ಲ ಗೊತ್ತಿರುವ ಹೆಸರು, ಆದರೂ ಹೇಳುವುದಿಲ್ಲ.

ನಮ್ಮ ಕಾಲದಲ್ಲಿ ಡ್ರಾಯಿಂಗ್ ಪಿರಿಯಡ್ಡು ವಾರಕ್ಕೆ ಎರಡು ಇರುತ್ತಿತ್ತು. ಹತ್ತನೇ ಕ್ಲಾಸಿಗೆ ಬಂದ ಮೇಲೆ ಅದು ಗಣಿತದ ಪಾಲಾಯಿತು. ನಮಗೆ ಯಾರಿಗೂ ಬೇಸರವಾಗಲಿಲ್ಲ. ನನಗಂತೂ ಖುಷಿಯೇ ಆಯಿತು. ಆದರೆ ಎಂಟನೇ ಕ್ಲಾಸಿನ ಒಂದು ಪಾಠ ಈಗಲೂ ನೆನಪಿದೆ. ಡ್ರಾಯಿಂಗ್ ಮೇಷ್ಟ್ರು ಮೇಜಿನ ಮೇಲೆ ಒಂದು ಸ್ಟೀಲ್ ಲೋಟ ಇಟ್ಟು ಬರೆಯಲು ಹೇಳಿದರು. ನಾವೆಲ್ಲ ಲೋಟದ ಬಾಯನ್ನು ದುಂಡಗೆ ಬರೆದೆವು. ಮೇಷ್ಟ್ರು ನನ್ನ ಬೆಂಚಿನ ಹತ್ತಿರ ಬಂದು, "ಲೋಟದ ಬಾಯಿ ದುಂಡಗಿದೆ ಅಂತ ನಿಂಗೆ ಗೊತ್ತು ಮಾರಾಯ. ಆದ್ರೆ ಇಲ್ಲಿ ಕೂತ್ರೆ ನಿಂಗೆ ಕಾಣೋದು ಎಂತದು? ಅದನ್ನ ಬರಿ" ಅಂದರು. ಆಮೇಲೆ ನೋಡಿದೆ. ನಾನು ಕೂತ ಜಾಗದಿಂದ ಅದು ಉದ್ದಕ್ಕೆ ಚಪ್ಪಟೆಯಾಗಿ ಕಾಣುತ್ತಿತ್ತು. ಹಿಂದಿನ ಬೆಂಚಿನವನಿಗೆ ಇನ್ನೂ ಚಪ್ಪಟೆ. ಗೊತ್ತಿರುವುದು ಬೇರೆ, ಕಾಣುವುದು ಬೇರೆ. ಅವತ್ತು ನನಗೆ ಅದು ಒಂದು ಲೋಟದ ವಿಷಯವಾಗಿ ಮಾತ್ರ ಅರ್ಥವಾಯಿತು.

ನನ್ನ ತಂಗಿಗೆ ಮಾತ್ರ ಆ ಮೇಷ್ಟ್ರ ಕ್ಲಾಸೆಂದರೆ ಪ್ರಾಣ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಡ್ರಾಯಿಂಗ್ ಹೈಯರ್ ಗ್ರೇಡ್ ಪರೀಕ್ಷೆಗೆ ಕಟ್ಟಿದ್ದಳು. ನಾನಾಗ ಬಿಇ ಮೊದಲ ವರ್ಷ. ರಜೆಗೆ ಊರಿಗೆ ಬಂದಾಗ ನೋಡುತ್ತೇನೆ, ಜಗಲಿಯ ತುಂಬ ಕಾಗದ, ಬಣ್ಣದ ನೀರಿನ ಲೋಟ. ಮನೆಯಲ್ಲಿ ಮೊದಲ ಇಂಜಿನಿಯರ್ ಆಗಲು ಹೊರಟ ಗತ್ತು ನನಗೆ. "ಇದರಿಂದ ಹೊಟ್ಟೆ ತುಂಬ್ತದಾ? ಗಣಿತ ಮಾಡು" ಅಂತ ಬೈದು, ಅವಳ ಬಣ್ಣದ ಡಬ್ಬಿಯನ್ನು ಅಟ್ಟದ ಮೇಲಿಟ್ಟೆ. ಅಪ್ಪ ನನ್ನ ಮಾತನ್ನೇ ಒಪ್ಪಿದರು. ಅವಳು ಆ ವರ್ಷ ಹೈಯರ್ ಪರೀಕ್ಷೆಗೆ ಕೂರಲಿಲ್ಲ. ಗಣಿತದಲ್ಲಿ ಒಳ್ಳೆಯ ಅಂಕ ತೆಗೆದಳು, ನಾನು ಸರಿಯಾದದ್ದನ್ನೇ ಮಾಡಿದೆ ಅಂದುಕೊಂಡೆ. ಆ ವರ್ಷದ ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳ ತುಂಬ ಚಿತ್ರಗಳಿದ್ದವು ಎಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ನಂತರ.

ಪಿಯುಸಿ ಆದ ಮೇಲೆ ಅವಳು ಹಟ ಹಿಡಿದು ಆರ್ಕಿಟೆಕ್ಚರ್ ಸೇರಿದಳು. ಐದು ವರ್ಷದ ಓದು ಅದು. ಅಲ್ಲಿ ಮುಖ್ಯವಾದ ತರಗತಿಗೆ ಸ್ಟುಡಿಯೋ ಅನ್ನುತ್ತಾರೆ. ಒಂದು ಜಾಗ, ಒಂದು ಅಗತ್ಯ ಕೊಡುತ್ತಾರೆ. ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಅದಕ್ಕೆ ಕಟ್ಟಡ ರೂಪಿಸಿ, ಕೊನೆಗೆ ಹೊರಗಿನಿಂದ ಬಂದ ತಜ್ಞರ ಮುಂದೆ ಗೋಡೆಗೆ ಅಂಟಿಸಿ ವಿವರಿಸಬೇಕು. ಅದಕ್ಕೆ ಜ್ಯೂರಿ ಎನ್ನುತ್ತಾರೆ.

ಮೂರನೇ ವರ್ಷದಲ್ಲಿ ಅವಳಿಗೆ ಬಂದ ವಿಷಯ ಹಳ್ಳಿಯ ಪ್ರೌಢಶಾಲೆ. ಅವಳು ನಮ್ಮ ಈ ಶಾಲೆಯ ಜಾಗವನ್ನೇ ಆರಿಸಿಕೊಂಡಳು. ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ನಕ್ಷೆ ಮಾಡಿದಳು. ಸಾಲಾಗಿ ಕೊಠಡಿಗಳು, ಮುಂದೆ ಉದ್ದಕ್ಕೆ ಓಣಿಯಂಥ ವರಾಂಡ, ಕೊನೆಯಲ್ಲಿ ಶೌಚಾಲಯ. ಮಧ್ಯದ ಹಂತದ ಜ್ಯೂರಿಯಲ್ಲಿ ಒಬ್ಬರು ಕೇಳಿದರಂತೆ: "ಮಲೆನಾಡಲ್ಲಿ ಮಳೆ ಬರುವಾಗ ಮಕ್ಕಳು ಎಲ್ಲಿ ಊಟ ಮಾಡ್ತಾರೆ?" ಇವಳ ಬಳಿ ಉತ್ತರವಿರಲಿಲ್ಲ. ಮೂರು ವರ್ಷ ಇದೇ ಶಾಲೆಯಲ್ಲಿ ಮಳೆಗಾಲ ಕಳೆದವಳ ಬಳಿ ಉತ್ತರವಿರಲಿಲ್ಲ. ಆ ರಾತ್ರಿ ನನಗೆ ಫೋನ್ ಮಾಡಿ ಅತ್ತಳು. "ಅಣ್ಣ, ಇದು ನನ್ ಕೈಲಾಗಲ್ಲ, ಬಿಟ್ಟು ಬರ್ತೀನಿ" ಅಂದಳು. ನಾನು ಆಗಷ್ಟೇ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ನಾನು ಸಮಾಧಾನ ಹೇಳಲಿಲ್ಲ. "ಬಿಡೋದಾದ್ರೆ ಈಗಲೇ ಬಿಡು, ಒಂದು ಕಂಪ್ಯೂಟರ್ ಕೋರ್ಸ್ ಮಾಡಿಸ್ತೀನಿ" ಅಂದೆ. ಅವಳು ಫೋನ್ ಇಟ್ಟಳು.

ಅವಳು ಊರಿಗೆ ಬಂದದ್ದು ಭೂಮಿ ಹುಣ್ಣಿಮೆಯ ಹೊತ್ತಿಗೆ. ನಮ್ಮ ಕಡೆಯ ದೀವರ ಮನೆಗಳಲ್ಲಿ ಆ ಹಬ್ಬಕ್ಕೆ ಬುಟ್ಟಿ ಸಿದ್ಧ ಮಾಡುವುದು ನಿಮಗೆಲ್ಲ ಗೊತ್ತೇ ಇದೆ. ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿ ಅರೆದ ಬಿಳಿಯಲ್ಲಿ ಪುಂಡಿ ನಾರಿನ ಕುಂಚದಿಂದ ಚಿತ್ತಾರ ಬರೆಯುತ್ತಾರೆ. ನಮ್ಮ ಅಜ್ಜಿ ಅದರಲ್ಲಿ ಗಟ್ಟಿಗಿತ್ತಿ. ತಂಗಿ ಕೆಲಸವಿಲ್ಲದೆ ಪಕ್ಕದಲ್ಲಿ ಕೂತು ಚಿಕ್ಕ ಬುಟ್ಟಿಗೆ ಎಳೆ ಎಳೆಯತೊಡಗಿದಳು. ಕಾಲೇಜಿನ ಸಿಟ್ಟೋ ಏನೋ, ಸಿಕ್ಕಲ್ಲೆಲ್ಲ ಗೆರೆ ತುಂಬಿಸಿದಳು. ಅಜ್ಜಿ ನೋಡಿ, "ಎಲ್ಲಾ ಕಡೆ ಎಳಿಬೇಡ್ವೇ, ಕೆಮ್ಮಣ್ಣು ಕಾಣ್ಲಿ" ಅಂದರು. ಅಜ್ಜಿ ಹೇಳಿದ್ದು ಬುಟ್ಟಿಗೆ ಮಾತ್ರ. ಆದರೆ ತಂಗಿಯ ತಲೆಯಲ್ಲಿ ಅದು ಕೂತುಬಿಟ್ಟಿತು. ಬಿಳಿ ಗೆರೆ ಎಷ್ಟು ಮುಖ್ಯವೋ ಎರಡು ಗೆರೆಗಳ ನಡುವೆ ಉಳಿಯುವ ಕೆಂಪೂ ಅಷ್ಟೇ ಮುಖ್ಯ. ಆ ಕೆಂಪನ್ನು ಯಾರೂ ಬರೆಯುವುದಿಲ್ಲ, ಆದರೆ ಅದನ್ನು ನೋಡಿಕೊಂಡೇ ಗೆರೆ ಎಳೆಯಬೇಕು. ತನ್ನ ನಕ್ಷೆಯಲ್ಲಿ ಕೊಠಡಿಗಳನ್ನು ಮಾತ್ರ ಬರೆದಿದ್ದೆ, ಕೊಠಡಿಗಳ ನಡುವಿನ ಜಾಗ ತಾನಾಗಿ ಉಳಿದದ್ದು, ಅದನ್ನು ನಾನು ನೋಡಿರಲೇ ಇಲ್ಲ ಅಂತ ಅವಳಿಗೆ ಹೊಳೆಯಿತು.

ರಜೆ ಮುಗಿದು ಶಾಲೆ ಶುರುವಾದ ಮೇಲೆ ಅವಳು ನಾಲ್ಕು ದಿನ ಇಲ್ಲಿ ಬಂದು ಕೂತಳು. ಹಳೆಯ ಮೇಷ್ಟ್ರುಗಳಲ್ಲಿ ಕೆಲವರಿಗೆ ನೆನಪಿರಬಹುದು. ಆ ವರ್ಷ ದೀಪಾವಳಿ ಹತ್ತಿರ ಬಂದರೂ ಮಳೆ ಬಿಟ್ಟಿರಲಿಲ್ಲ. ಅವಳು ಕಟ್ಟಡದ ಚಿತ್ರ ಬರೆಯಲಿಲ್ಲ. ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ನೆರಳು ಎಲ್ಲಿ ಬೀಳುತ್ತದೆ ಅಂತ ಬರೆದಳು. ಮಕ್ಕಳು ಚಪ್ಪಲಿ, ಕೊಡೆ ಎಲ್ಲಿ ಬಿಡುತ್ತಾರೆ ಅಂತ ಬರೆದಳು. ಹಂಚಿನ ಸೂರಿನಿಂದ ಬೀಳುವ ನೀರು ನೆಲದಲ್ಲಿ ಕೊರೆದ ಸಾಲನ್ನು ಬರೆದಳು. ಮಧ್ಯಾಹ್ನ ಬಿಸಿಯೂಟದ ಗಂಟೆ ಹೊಡೆದಾಗ ಹುಡುಗಿಯರು ತಟ್ಟೆ ಹಿಡಿದು ಎತ್ತ ಹೋಗುತ್ತಾರೆ ಅಂತ ಬಾಣದ ಗುರುತು ಹಾಕುತ್ತ ಹೋದಳು. ಮೂರನೆಯ ದಿನ ಆ ಬಾಣಗಳೆಲ್ಲ ಒಂದೇ ಕಡೆ ಸೇರಿದ್ದವು. ಹಳೆಯ ಕಟ್ಟಡಕ್ಕೂ ಹೊಸ ಕೊಠಡಿಗಳಿಗೂ ನಡುವೆ ಇರುವ ಸಂದಿ. ಎರಡೂ ಕಡೆಯ ಮಾಡು ಚಾಚಿಕೊಂಡಿರುವುದರಿಂದ ಅಲ್ಲಿ ಎರಚಲು ಬಡಿಯುವುದಿಲ್ಲ. ಯಾರೂ ಯೋಚಿಸಿ ಕಟ್ಟಿದ ಜಾಗವಲ್ಲ ಅದು. ಇವತ್ತು ಬೆಳಿಗ್ಗೆ ನೀವೆಲ್ಲ ಕಾಫಿ ಕುಡಿದದ್ದೂ ಅಲ್ಲೇ.

ಕಾಲೇಜಿಗೆ ವಾಪಸ್ಸು ಹೋದವಳು ಕಂಪ್ಯೂಟರ್ ಮುಟ್ಟಲಿಲ್ಲ. ಮೊದಲು ಇದ್ದಿಲ ಕಡ್ಡಿಯಲ್ಲಿ ಆ ಸಂದಿಯ ಬೆಳಕು ಕತ್ತಲನ್ನು ಬರೆದಳು. ಇದ್ದಿಲಿನಲ್ಲಿ ಸಣ್ಣ ವಿವರ ಬರೆಯಲಾಗುವುದಿಲ್ಲ, ಕಪ್ಪೆಷ್ಟು ಬಿಳುಪೆಷ್ಟು ಅನ್ನುವುದನ್ನು ಮಾತ್ರ ಬರೆಯಬಹುದು. ಹಾಗೆ ಬರೆಯುವಾಗ, ಊಟದ ಜಾಗಕ್ಕೆ ಬೆಳಕು ಮೇಲಿಂದ ಬಂದರೆ ಮಳೆಯೂ ಜೊತೆಗೆ ಬರುತ್ತದೆ, ಪಕ್ಕದಿಂದ ಬರಬೇಕು ಅನ್ನುವುದು ತಿಳಿಯಿತು. ಆಮೇಲೆ ರಟ್ಟು ಕತ್ತರಿಸಿ ಕೊಠಡಿಗಳನ್ನು ಆ ಜಾಗದ ಸುತ್ತ ಸರಿಸಿ ಸರಿಸಿ ನೋಡಿದಳು. ಜೇಡಿಮಣ್ಣಿನಲ್ಲಿ ನೆಲದ ಇಳಿಜಾರು ಮಾಡಿ ನೀರು ಸುರಿದು ಎತ್ತ ಹರಿಯುತ್ತದೆ ನೋಡಿದಳು. ಇದೆಲ್ಲ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಅಳತೆಗೆ ಕೂರಿಸಿದಳು. ಕೊನೆಯ ನಕ್ಷೆಯಲ್ಲಿ ಹನ್ನೆರಡು ಅಡಿ ಅಗಲದ, ಮಾಡು ಹೊದಿಸಿದ ದೊಡ್ಡ ಜಗಲಿಯೇ ನಡುವೆ ಇತ್ತು. ಕೊಠಡಿಗಳೆಲ್ಲ ಅದರ ಸುತ್ತ ಇದ್ದವು.

ಇಲ್ಲಿ ಸಿನಿಮಾದ ಹಾಗೆ ಚಪ್ಪಾಳೆ ಬೀಳಲಿಲ್ಲ. ಅಂತಿಮ ಜ್ಯೂರಿಯಲ್ಲಿ ಒಬ್ಬರು ಮಾಡಿನ ಖರ್ಚು ಹೆಚ್ಚು ಅಂದರು, ಇನ್ನೊಬ್ಬರು ಕಂಬಗಳ ಲೆಕ್ಕ ತಪ್ಪಾಗಿದೆ ಅಂದರು. ಅಂಕವೂ ಸಾಧಾರಣವಾಗಿಯೇ ಬಂತು. ಆ ಕಟ್ಟಡ ಎಲ್ಲೂ ಕಟ್ಟಲ್ಪಟ್ಟಿಲ್ಲ. ಆದರೆ ಮಕ್ಕಳು ಎಲ್ಲಿ ಊಟ ಮಾಡುತ್ತಾರೆ ಅನ್ನುವ ಪ್ರಶ್ನೆಯನ್ನು ಯಾರೂ ಮತ್ತೆ ಕೇಳಲಿಲ್ಲ. ಅವಳು ಓದು ಬಿಡಲಿಲ್ಲ.

ಆ ರಜೆಯಲ್ಲಿ ಅವಳ ಸ್ಕೆಚ್ ಪುಸ್ತಕ ನೋಡುತ್ತ ನಾನು ಕೇಳಿದೆ, "ಮೊದಲೇ ಯೋಚನೆ ಮಾಡಿ ಆಮೇಲೆ ಬರೀಬಹುದಿತ್ತಲ್ಲ?" ಅವಳು, "ಬರೆಯೋದೇ ಯೋಚನೆ ಅಣ್ಣ. ಬರೆದ ಮೇಲೆ ಕಾಣಿಸ್ತದೆ, ಮೊದಲು ಕಾಣಿಸಲ್ಲ" ಅಂದಳು. ಅಮೆರಿಕದ ಡೊನಾಲ್ಡ್ ಶಾನ್ ಎಂಬ ವಿದ್ವಾಂಸರು 1983ರಲ್ಲಿ ಬರೆದ 'ದಿ ರಿಫ್ಲೆಕ್ಟಿವ್ ಪ್ರಾಕ್ಟೀಷನರ್' ಎಂಬ ಪುಸ್ತಕದಲ್ಲಿ ಇದನ್ನೇ ವಿವರಿಸಿದ್ದಾರೆ. ಆರ್ಕಿಟೆಕ್ಚರ್ ಸ್ಟುಡಿಯೋದಲ್ಲಿ ಗುರು ಮತ್ತು ವಿದ್ಯಾರ್ಥಿನಿ ಕೂತು ಬರೆಯುವುದನ್ನು ಗಮನಿಸಿ, ವಿನ್ಯಾಸ ಮಾಡುವುದೆಂದರೆ ಎದುರಿನ ಸನ್ನಿವೇಶದೊಂದಿಗೆ ಸಂಭಾಷಣೆ ಮಾಡಿದಂತೆ ಅನ್ನುತ್ತಾರೆ. ನಾವು ಒಂದು ಗೆರೆ ಎಳೆಯುತ್ತೇವೆ, ಆ ಗೆರೆ ನಮಗೆ ಏನೋ ಉತ್ತರ ಕೊಡುತ್ತದೆ, ಅದನ್ನು ಕೇಳಿಸಿಕೊಂಡು ಮುಂದಿನ ಗೆರೆ. ಕಂಪ್ಯೂಟರ್ ಗೆರೆಯ ತೊಂದರೆ ಏನೆಂದರೆ, ಯೋಚನೆ ಅರ್ಧ ಬೆಂದಿದ್ದರೂ ಅದು ಪೂರ್ತಿ ಮುಗಿದಂತೆ ಕಾಣುತ್ತದೆ. ಪೆನ್ಸಿಲ್ ಗೆರೆ ಅಳುಕುತ್ತ ನಿಂತಿರುತ್ತದೆ, ಬೇಕಾದರೆ ತಿದ್ದು ಅನ್ನುತ್ತದೆ. ಕಂಪ್ಯೂಟರಿನಿಂದಲೇ ಅನ್ನ ತಿನ್ನುವ ನಾನು ಈ ಮಾತನ್ನು ಅನುಭವದಿಂದ ಹೇಳುತ್ತಿದ್ದೇನೆ.

ತಂಗಿ ನನಗೆ ಝಹಾ ಹದೀದ್ ಎಂಬ ಹೆಣ್ಣುಮಗಳ ಕತೆ ಹೇಳಿದಳು. 1950ರಲ್ಲಿ ಬಾಗ್ದಾದಿನಲ್ಲಿ ಹುಟ್ಟಿದವರು. ಮೊದಲು ಬೈರೂತಿನಲ್ಲಿ ಓದಿದ್ದು ಗಣಿತ. ಆಮೇಲೆ ಲಂಡನ್ನಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆಗೆ ಸೇರಿದರು. ಅಲ್ಲಿ ವಿದ್ಯಾರ್ಥಿನಿಯಾಗಿದ್ದಾಗಲೇ ಕಜಿಮಿರ್ ಮಾಲೆವಿಚ್ ಎಂಬ ಚಿತ್ರಕಲಾವಿದನ ಹುಚ್ಚು ಹಿಡಿಯಿತು. ಚೌಕ, ಆಯತಗಳು ಖಾಲಿ ಬಿಳುಪಿನಲ್ಲಿ ತೇಲುವಂಥ ಚಿತ್ರಗಳನ್ನು ಬರೆದವನು ಅವನು. 1920ರ ದಶಕದಲ್ಲಿ ಕಟ್ಟಡದಂತೆ ಕಾಣುವ ಪ್ಲಾಸ್ಟರಿನ ಮಾದರಿಗಳನ್ನೂ ಮಾಡಿದ್ದ. ಝಹಾ ತಮ್ಮ 1976-77ರ ಅಂತಿಮ ಪ್ರಾಜೆಕ್ಟಿನಲ್ಲಿ ಅಂಥ ಒಂದು ಮಾದರಿಯನ್ನು ಥೇಮ್ಸ್ ನದಿಯ ಸೇತುವೆಯ ಮೇಲೆ 14 ಮಹಡಿಯ ಹೋಟೆಲಾಗಿ ಬೆಳೆಸಿದರು. ಅದನ್ನು ತೋರಿಸಿದ್ದು ನೀಲಿ ನಕ್ಷೆಯಲ್ಲಲ್ಲ, ಅಕ್ರಿಲಿಕ್ ಬಣ್ಣದ ಪೇಂಟಿಂಗಿನಲ್ಲಿ. ಮಾಮೂಲಿ ನಕ್ಷೆಯಲ್ಲಿ ಮೇಲಿಂದ ಒಂದು ನೋಟ, ಎದುರಿನಿಂದ ಒಂದು ನೋಟ. ಪೇಂಟಿಂಗಿನಲ್ಲಿ ಅವರು ಒಂದೇ ಕಟ್ಟಡವನ್ನು ಹಲವು ಕಡೆಯಿಂದ ಒಟ್ಟಿಗೆ ನೋಡಿದರು. ಹಾಗೆ ನೋಡಿದ್ದರಿಂದಲೇ, ಹಾಗಿರಬಹುದಾದ ಕಟ್ಟಡಗಳನ್ನು ಕಲ್ಪಿಸಲು ಸಾಧ್ಯವಾಯಿತು.

1983ರಲ್ಲಿ ಹಾಂಗ್‌ಕಾಂಗಿನ ಒಂದು ಸ್ಪರ್ಧೆ ಗೆದ್ದರು, ಕಟ್ಟಡ ಮೇಲೇಳಲಿಲ್ಲ. ಬಹಳ ವರ್ಷ ಜನ ಅವರನ್ನು ಕಾಗದದ ಮೇಲೆ ಕಟ್ಟುವವಳು ಎಂದೇ ಕರೆದರು. ಜರ್ಮನಿಯ ವೈಲ್ ಆಮ್ ರೈನ್‌ನಲ್ಲಿ ಅವರ ಮೊದಲ ಮುಖ್ಯ ಕಟ್ಟಡ, ಒಂದು ಅಗ್ನಿಶಾಮಕ ಠಾಣೆ, ಪೂರ್ತಿಯಾದದ್ದು 1993ರಲ್ಲಿ. 2004ರಲ್ಲಿ ಪ್ರಿಟ್ಸ್‌ಕರ್ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಇಲ್ಲಿ ಒಂದು ಮಾತು ಸೇರಿಸಬೇಕು. ಚಿತ್ರ ಚೆಂದವಿದ್ದ ಮಾತ್ರಕ್ಕೆ ಕಟ್ಟಡ ಚೆಂದ ಅಂತಲ್ಲ. ಆ ಅಗ್ನಿಶಾಮಕ ಠಾಣೆ ಈಗ ಪ್ರದರ್ಶನಗಳಿಗೆ ಬಳಕೆಯಾಗುತ್ತಿದೆ. ತಂಗಿಯ ಕಂಬಗಳ ಲೆಕ್ಕ ತಪ್ಪಿದ್ದೂ ನಿಜ. ಕುಂಚದ ಜೊತೆ ಲೆಕ್ಕವೂ ಬೇಕು, ಗಾರೆಯವರ ಅನುಭವವೂ ಬೇಕು.

ನಮ್ಮ ದೇಶದಲ್ಲೂ ಇದಕ್ಕೆ ಉದಾಹರಣೆಗಳಿವೆ. ಚಂಡೀಗಢ ರೂಪಿಸಿದ ಲ ಕಾರ್ಬೂಸಿಯೇ ಬೆಳಗಿನ ಹೊತ್ತನ್ನು ಚಿತ್ರ ಬರೆಯಲು ಇಟ್ಟು, ಮಧ್ಯಾಹ್ನದ ಮೇಲೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಅವರ ಬಳಿ ಪ್ಯಾರಿಸ್ಸಿನಲ್ಲಿ ಕೆಲಸ ಕಲಿತ ಬಿ.ವಿ. ದೋಶಿಯವರು ತಮ್ಮ ಕಟ್ಟಡಗಳನ್ನು ನಮ್ಮ ಹಳೆಯ ಮಿನಿಯೇಚರ್ ಚಿತ್ರಗಳ ರೀತಿಯಲ್ಲಿ ಬರೆದು ತೋರಿಸಿದರು. ಮರ, ಹಕ್ಕಿ, ಜನ, ನೆಲ ಎಲ್ಲವೂ ಒಂದೇ ಚಿತ್ರದಲ್ಲಿ. ಬೆಂಗಳೂರಿನ ಐಐಎಂ ಅವರ ವಿನ್ಯಾಸ. ಅಲ್ಲಿನ ಕಲ್ಲಿನ ಓಣಿಗಳಲ್ಲಿ ಬಿಸಿಲು ನೆರಳು ಬಿದ್ದಿರುವುದನ್ನು ನೋಡಿದರೆ, ಕೊಠಡಿಗಿಂತ ನಡುವಿನ ಜಾಗವನ್ನೇ ಅವರು ಹೆಚ್ಚು ಪ್ರೀತಿಯಿಂದ ಬರೆದಿರಬೇಕು ಅನ್ನಿಸುತ್ತದೆ. 2018ರಲ್ಲಿ ಅವರಿಗೂ ಪ್ರಿಟ್ಸ್‌ಕರ್ ಪ್ರಶಸ್ತಿ ಬಂತು.

ಇನ್ನು ನನ್ನ ಕಸುಬಿನ ಮಾತು. ಸಾಫ್ಟ್‌ವೇರಿನಲ್ಲಿ ನಾವು ದಿನಕ್ಕೆ ಹತ್ತು ಸಲ 'ಡಿಸೈನ್ ಪ್ಯಾಟರ್ನ್' ಅನ್ನುತ್ತೇವೆ. 1994ರಲ್ಲಿ ನಾಲ್ವರು ಸೇರಿ ಬರೆದ ಒಂದು ಪುಸ್ತಕದಿಂದ ಆ ಮಾತು ಮನೆಮಾತಾಯಿತು. ಅವರಿಗೆ ಆ ಕಲ್ಪನೆ ಬಂದದ್ದು ಕ್ರಿಸ್ಟೋಫರ್ ಅಲೆಕ್ಸಾಂಡರ್ ಎಂಬ ಆರ್ಕಿಟೆಕ್ಟ್ ಕಡೆಯಿಂದ. ಅವರು ಮತ್ತು ಜೊತೆಗಾರರು 1977ರಲ್ಲಿ 'ಎ ಪ್ಯಾಟರ್ನ್ ಲಾಂಗ್ವೇಜ್' ಎಂಬ ಪುಸ್ತಕದಲ್ಲಿ ಊರು, ಮನೆ, ಜಗಲಿ, ಕಿಟಕಿಗಳ 253 ಮಾದರಿಗಳನ್ನು ಬರೆದರು. ಆರು ಅಡಿಗಿಂತ ಕಿರಿದಾದ ಬಾಲ್ಕನಿಯನ್ನು ಜನ ಬಳಸುವುದೇ ಅಪರೂಪ ಅನ್ನುವುದು ಅದರಲ್ಲೊಂದು. ಕೂತು ನೋಡಿದವರಿಗೆ ಮಾತ್ರ ತಿಳಿಯುವ ಮಾತು ಅದು. ಅಂತೂ, ತಂಗಿಯ ವಿದ್ಯೆಯಿಂದ ಹೊಟ್ಟೆ ತುಂಬುತ್ತದಾ ಎಂದು ಕೇಳಿದವನ ಹೊಟ್ಟೆ ತುಂಬುತ್ತಿರುವುದರಲ್ಲಿ ಅವಳ ವಿದ್ಯೆಯ ಪಾಲೂ ಇದೆ. ಇದನ್ನು ಅವಳಿಗೆ ಹೇಳಿದಾಗ ಜೋರಾಗಿ ನಕ್ಕಳು.

ಈಗ ನಮ್ಮ ಶಾಲೆಗೆ ಬರೋಣ. ನಮ್ಮ ಡ್ರಾಯಿಂಗ್ ಮೇಷ್ಟ್ರು ನಿವೃತ್ತರಾದ ಮೇಲೆ ಆ ಹುದ್ದೆ ಖಾಲಿಯೇ ಇದೆ. ನಿನ್ನೆ ಸಂಜೆ ಡ್ರಾಯಿಂಗ್ ರೂಮಿನ ಬಾಗಿಲು ತೆಗೆಸಿ ನೋಡಿದೆ. ಮುರಿದ ಬೆಂಚುಗಳಿವೆ, ಹಳೆಯ ಉತ್ತರ ಪತ್ರಿಕೆಗಳಿವೆ. ಗೋಡೆಯ ಮೇಲೆ ಯಾರೋ ಬರೆದ ಒಂದು ಹೂದಾನಿಯ ಚಿತ್ರ ಇನ್ನೂ ಅಂಟಿಕೊಂಡಿದೆ. ಹಳೆಯ ವಿದ್ಯಾರ್ಥಿಗಳಾದ ನಾವು ಸ್ಮಾರ್ಟ್ ಕ್ಲಾಸಿಗೆ ಹಣ ಕೂಡಿಸುತ್ತಿದ್ದೇವೆ. ಅದು ಬೇಕು, ಖಂಡಿತ ಬೇಕು. ಜೊತೆಗೆ ನನ್ನದೊಂದು ವಿನಂತಿ. ಹುದ್ದೆ ತುಂಬಿಸಲು ನಾವೆಲ್ಲ ಸಹಿ ಹಾಕಿ ಮನವಿ ಕೊಡೋಣ. ಅದು ಆಗುವವರೆಗೆ ಸುಮ್ಮನೆ ಕೂರುವುದು ಬೇಡ. ಆ ಕೋಣೆಯನ್ನು ಖಾಲಿ ಮಾಡಿ ಸುಣ್ಣ ಹೊಡೆಸೋಣ. ನಮ್ಮ ಅಜ್ಜಿ ಈಗಿಲ್ಲ. ಆದರೆ ಚಿತ್ತಾರ ಬಲ್ಲ ಅಮ್ಮಂದಿರು, ಅಜ್ಜಿಯರು ಈ ಸಭೆಯಲ್ಲೇ ಕೆಲವರು ಕೂತಿದ್ದೀರಿ. ತಿಂಗಳಿಗೆ ಒಂದು ಶನಿವಾರ ನೀವು ಬರಬೇಕು. ತಿಂಗಳಿಗೊಮ್ಮೆ ತಾನೂ ಬಂದು ಮಕ್ಕಳನ್ನು ಅಂಗಳದಲ್ಲಿ ಕೂರಿಸಿ ಬರೆಸುತ್ತೇನೆ ಅಂತ ತಂಗಿ ಒಪ್ಪಿದ್ದಾಳೆ. ಮೊದಲ ಮೂರು ವರ್ಷದ ಕಾಗದ, ಪೆನ್ಸಿಲ್, ಬಣ್ಣದ ಖರ್ಚು ನನ್ನದು. ಇದನ್ನು ದಾನ ಅಂತ ಬರೆಯಬೇಡಿ. ಒಂದು ಬಣ್ಣದ ಡಬ್ಬಿಯ ಸಾಲ ನನ್ನ ಮೇಲಿದೆ.

ಮಕ್ಕಳೇ, ನಿಮಗೆ ಒಂದೆರಡು ಮಾತು. ಆರ್ಕಿಟೆಕ್ಚರ್ ಓದಬೇಕೆಂದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕು. 'ನಾಟಾ' ಎಂಬ ಪ್ರವೇಶ ಪರೀಕ್ಷೆಯಲ್ಲಿ ಚಿತ್ರ ಬರೆಯುವ ಭಾಗವೂ ಇರುತ್ತದೆ. ಪಟ್ಟಣದ ಮಕ್ಕಳು ಅದಕ್ಕೆ ಕೋಚಿಂಗ್ ಸೇರುತ್ತಾರೆ. ನಿಮಗೆ ಎದುರಿಗೆ ಹಲಸಿನ ಮರವಿದೆ, ಮನೆಯಲ್ಲಿ ಬುಟ್ಟಿ ಇದೆ, ಸೂರಿನ ನೀರಿದೆ. ದಿನಾ ಹತ್ತು ನಿಮಿಷ ಕೂತು, ಗೊತ್ತಿರುವುದನ್ನು ಬಿಟ್ಟು ಕಾಣುವುದನ್ನು ಬರೆಯಿರಿ. ನೀವೆಲ್ಲ ಆರ್ಕಿಟೆಕ್ಟ್ ಆಗಬೇಕಿಲ್ಲ. ಡಾಕ್ಟರಾದರೂ ರೋಗಿಯನ್ನು ನೋಡಬೇಕು, ಬೇಸಾಯಗಾರರಾದರೂ ಎಲೆಯ ಬಣ್ಣ ನೋಡಬೇಕು. ನನ್ನ ಹಾಗೆ ಸಾಫ್ಟ್‌ವೇರಿಗೆ ಬಂದರೂ, ಅದನ್ನು ಬಳಸುವ ಮನುಷ್ಯ ಎಲ್ಲಿ ಎಡವುತ್ತಾನೆ ಅಂತ ನೋಡಬೇಕು.

ಮನೆಯಲ್ಲಿ ಅಣ್ಣ ಅಕ್ಕಂದಿರು ಯಾರಾದರೂ ನಿಮ್ಮ ಬಣ್ಣದ ಡಬ್ಬಿಯನ್ನು ಅಟ್ಟದ ಮೇಲಿಟ್ಟರೆ, ಅವರಿಗೆ ನನ್ನ ಹೆಸರು ಹೇಳಿ. ನಾನು ಬಂದು ಇಳಿಸಿ ಕೊಡುತ್ತೇನೆ.